ಕಂಬಳಿ ಸುಟ್ಟ ವಾಸನೆ ಹಿಡಿದ ನರ್ಸಬಾಯಿ

ಹೋದ ವಾರ ನರ್ಸಬಾಯಿ ಸುರಪುರದಲ್ಲಿ ತೀರಿಕೊಂಡಳು. ಸುದ್ದಿ ನಮ್ಮ ಊರಿಗೆ ಬಸ್ಸಿನಲ್ಲಿ ಬಂತು. ಬಸ್ಸಿಳಿದವರು ಕಟ್ಟೆಯ ಮೇಲೆ ಕುಳಿತು ಹೇಳಿದರು, ಕಟ್ಟೆಯ ಮೇಲಿದ್ದವರು ಲೊಚಗುಟ್ಟಿದರು. ಸಂಜೆಯ ಹೊತ್ತಿಗೆ ಆಕೆ ದೇವರೇ ಆಗಿಬಿಟ್ಟಿದ್ದಳು. ನನ್ನ ಹೆತ್ತ ತಾಯಿಯಂಥವಳು ಅಂದ ಒಬ್ಬ. ಅವನ ಹೆಂಡತಿ ಹಡೆದಾಗ ಆಕೆ ಕುಳಿತೆದ್ದ ಜಾಗವನ್ನು ಅವನ ಮನೆಯವರು ಸೆಗಣಿ ನೀರು ಹಾಕಿ ಸಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಮಾತು ಪೂರ್ತಿ ಕೇಳದೆ ಎದ್ದು ಒಳಗೆ ಬಂದೆ.

ಆಕೆಯ ಹೆಸರು ಬರೆಯುವುದಿಲ್ಲ. ಊರಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಆಕೆಯ ಮನೆತನದವರು ಬುದ್ಧನ ಪಟ ಇಟ್ಟುಕೊಂಡವರು. ಊರವರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಊರವರಿಗೆ ಆಕೆ ಕೇರಿಯವಳು, ಅಷ್ಟೇ. ಸೂಜಿ ಚುಚ್ಚಿಸಿಕೊಳ್ಳಲು ಆಕೆ ಬೇಕು, ಪಡಸಾಲೆ ದಾಟಿ ಒಳಗೆ ಬರಬಾರದು.

ನಾರಾಯಣಪುರದ ಕಡೆಯಿಂದ ಕಾಲುವೆ ನೀರು ನಮ್ಮ ಭಾಗಕ್ಕೆ ಹರಿದ ಮೇಲೆ ಊರಿಂದ ಒಂದು ಮೈಲಿ ದೂರದಲ್ಲಿ ಕಾಲುವೆ ಇಲಾಖೆಯವರ ಕ್ಯಾಂಪು ಎದ್ದಿತು. ನೀರಿನ ಜೊತೆಗೆ ನೆಲ್ಲು ಬಂತು, ಸೊಳ್ಳೆ ಬಂತು, ಚಳಿಜ್ವರ ಬಂತು, ಅದರ ಹಿಂದೆ ಈಕೆ ಬಂದಳು. ಕ್ಯಾಂಪಿನಲ್ಲಿ ಆಕೆಗೊಂದು ಕ್ವಾರ್ಟರ್ಸು. ನಾಲ್ಕು ಹಳ್ಳಿ ಆಕೆಯ ಪಾಲಿಗೆ. ಗಿಡ್ಡ ಹೆಂಗಸು, ಗಟ್ಟಿ ಕಾಲು, ಮುಖ ಮಾತ್ರ ಸದಾ ಹುಣಸೆಕಾಯಿ ಕಚ್ಚಿದ ಹಾಗೆ. ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಮೂಗು ಎತ್ತುವಳು. ದನ ಹೊಸ ನೀರು ಮೂಸಿದ ಹಾಗೆ ಎರಡು ಸಲ ಗಾಳಿ ಎಳೆದುಕೊಳ್ಳುವಳು. ಆಮೇಲೆ ಮಾತು. ನಿಮ್ಮ ಬಚ್ಚಲ ನೀರು ಎಲ್ಲಿ ನಿಂತದ ಅನ್ನುವುದೇ ಆಕೆಯ ನಮಸ್ಕಾರ.

ಒಮ್ಮೆ ಸಾಲಿ ಮಾಸ್ತರರ ಮನೆಯಲ್ಲಿ ಹಾಗೆಯೇ ನಿಂತು, ನಿಮ್ಮ ಅಟ್ಟದ ಮೇಲೆ ಇಲಿ ಸತ್ತದ ಅಂದಳಂತೆ. ಮಾಸ್ತರರಿಗೆ ಸಿಟ್ಟು. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇರುವುದಿಲ್ಲ ಅಂದರು. ಎರಡು ದಿನದ ಮೇಲೆ ಇಡೀ ಓಣಿ ಮೂಗು ಮುಚ್ಚಿಕೊಂಡಿತು. ಮಾಸ್ತರರು ನಿಚ್ಚಣಿಕೆ ಹತ್ತಿದರು.

ತನ್ನ ಸಾಬೂನನ್ನು ತಾನೇ ಒಂದು ತಗಡಿನ ಡಬ್ಬಿಯಲ್ಲಿ ತರುತ್ತಿದ್ದಳು. ಮೊಣಕೈ ತನಕ ತಿಕ್ಕಿ ತಿಕ್ಕಿ ತೊಳೆಯುವಳು. ನಮ್ಮ ಓಣಿಯ ಗಂಡಸೊಬ್ಬ ಅದನ್ನು ನೋಡಿ, ಕೈ ತೊಳೆದರೆ ಜಾತಿ ಹೋಗುತ್ತದೇನು ಎಂದು ಹಲ್ಲು ಕಿರಿದ. ಆಕೆ ತಲೆ ಎತ್ತಲೂ ಇಲ್ಲ.

"ಜಾತಿ ಹೋಗಂಗಿಲ್ರಿ. ನಿಮ್ಮ ಮನಿ ಹೊಲಸು ಹೋಗ್ತದ."

ಅಂದಿನಿಂದ ಅವನು ಆಕೆ ಬಂದರೆ ಹೊಲಕ್ಕೆ ಹೋಗುತ್ತಿದ್ದ. ನನಗೂ ಆಕೆ ಸೇರುತ್ತಿರಲಿಲ್ಲ. ನಮ್ಮದು ಕುರಿ ಸಾಕುವ ಮನೆತನ. ಹಿಕ್ಕೆ, ಉಚ್ಚೆ, ಉಣ್ಣೆ, ಇವುಗಳ ನಡುವೆ ಹುಟ್ಟಿ ಅವುಗಳ ನಡುವೆ ಮುದುಕಿಯಾದವಳು ನಾನು. ನಮ್ಮ ಮನೆಗೆ ಬಂದು ಮೂಗು ಎತ್ತುವವಳನ್ನು ನಾನ್ಯಾಕೆ ಇಷ್ಟಪಡಲಿ?

ನನ್ನ ನಡುವಿನ ಮಗಳು ಚೊಚ್ಚಿಲ ಬಸುರಿಯಾಗಿ ತವರಿಗೆ ಬಂದಳು. ಅವಳನ್ನು ಹತ್ತಿಕುಣಿ ಕಡೆ ಕೊಟ್ಟಿತ್ತು. ಎಂಟು ತಿಂಗಳು ತುಂಬಿದಾಗ ನರ್ಸಬಾಯಿ ಹೊಟ್ಟೆ ಒತ್ತಿ ನೋಡಿ, ಕೂಸು ಅಡ್ಡ ಮಲಗಿದೆ, ತಿರುಗದಿದ್ದರೆ ಕೊಯ್ದು ತೆಗೆಯಬೇಕು ಅಂದಳು. ನಾನು ಬೈದೆ. ಕುರಿ ಅಡ್ಡ ಮರಿ ಹಾಕಿದಾಗ ಕೈ ಹಾಕಿ ತಿರುಗಿಸಿದವಳು ನಾನು, ನನಗೆ ಹೇಳಲು ಬರುತ್ತೀಯೇನು ಎಂದೆ. ನಿಮ್ಮ ಮಗಳು ಕುರಿಯಲ್ಲ ಅಂದಳು. ಆಮೇಲೆ ಮಂಗಳವಾರ ಮಂಗಳವಾರ ತಪ್ಪದೆ ಬಂದು ಒತ್ತಿ ನೋಡಿದಳು. ಕೂಸು ತಿರುಗಲಿಲ್ಲ.

ನೋವು ಬರುವ ಮೊದಲೇ ಹೋಗಬೇಕು, ನೋವು ಶುರುವಾದ ಮೇಲೆ ಈ ರಸ್ತೆಯಲ್ಲಿ ಹೋದರೆ ಇಬ್ಬರೂ ಉಳಿಯುವುದಿಲ್ಲ ಎಂದು ದಿನ ಗೊತ್ತು ಮಾಡಿದಳು. ಏನೇನು ಮಾಡಬೇಕೆಂದು ಪಡಸಾಲೆಯಲ್ಲಿ ಕುಳಿತು ಹೇಳಿದಳು. ಹಳೆಯ ನೂಲಿನ ಸೀರೆ ಕುದಿಸಿ, ಕಡು ಬಿಸಿಲಿಗೆ ಒಣಗಿಸಿ, ಒಗೆದ ಚೀಲದಲ್ಲಿ ಗಂಟು ಕಟ್ಟಬೇಕು. ಉಗುರು ತೆಗೆಯಬೇಕು. ಬಳೆ ಬಿಚ್ಚಬೇಕು. ಹಿಂದಿನ ದಿನ ಕತ್ತಲಾದ ಮೇಲೆ ಒಂದು ಅಗುಳೂ ಬಾಯಿಗೆ ಹೋಗಬಾರದು. ರಕ್ತ ಬೇಕಾದರೆ ಕೊಡಲು ಇಬ್ಬರು ಗಂಡಸರು ಬರಬೇಕು.

ಗಂಡಸರ ಮಾತು ಕೇಳಿ. ಅಳಿಯ, ಅವನ ಅಣ್ಣ, ನನ್ನ ಮೈದುನ, ಮೂವರೂ ಎಮ್ಮೆಯ ಹಾಗೆ ಇದ್ದವರು. ರಕ್ತ ಅನ್ನುವ ಮಾತು ಕೇಳುತ್ತಲೇ ಒಬ್ಬನಿಗೆ ಕಾಮಾಲೆ ಆಗಿತ್ತೆಂದು ನೆನಪಾಯಿತು. ಇನ್ನೊಬ್ಬನಿಗೆ ನೀರು ಬಿಡುವ ಪಾಳಿ ಬಂತು. ಅಳಿಯ, ರಕ್ತ ಕೊಟ್ಟರೆ ಗಂಡಸುತನ ಹೋಗುತ್ತದಂತೆ ಎಂದು ಬಾಯಿ ಬಿಟ್ಟು ಹೇಳಿಯೇಬಿಟ್ಟ. ಆಕೆ ಅವನನ್ನು ಕೆಳಗಿಂದ ಮೇಲಿನ ತನಕ ನೋಡಿದಳು.

"ಇದ್ದರ ತಾನಽ ಹೋಗೂದು. ಜೀಪ್ ಹತ್ತು."

ಹತ್ತಿದ. ಕಾಲುವೆ ಸಾಹೇಬರಿಗೆ ಹೇಳಿ ಜೀಪು ತರಿಸಿದ್ದೂ ಆಕೆಯೇ.

ಹೊರಡುವ ದಿನ ಮಗಳು ಹಸಿವೆಯಿಂದ ಕಣ್ಣು ಮುಚ್ಚುತ್ತಿದ್ದಳು. ಹಸಿದ ಹೊಟ್ಟೆಯನ್ನು ಕೊಯ್ದರೆ ಜೀವ ಎಲ್ಲಿ ನಿಂತೀತು ಎಂದು ನನ್ನ ವಿಚಾರ. ಯಾರಿಗೂ ಕಾಣದ ಹಾಗೆ ಹಿತ್ತಿಲಲ್ಲಿ ಒಂದು ಬಟ್ಟಲು ಮಾದಲಿ ತಿನ್ನಿಸಿದೆ, ಬಾಯಿ ಒರೆಸಿದೆ. ದಾರಿಯಲ್ಲಿ ಜೀಪು ಕುಲುಕಿದಾಗ ಮಗಳು ತೇಗಿದಳು. ನರ್ಸಬಾಯಿ ಅವಳ ಬಾಯಿಯ ಹತ್ತಿರ ಮುಖ ಒಯ್ದು ನನ್ನ ಕಡೆ ತಿರುಗಿದಳು. ಬೆಲ್ಲ, ಏಲಕ್ಕಿ, ಎಷ್ಟು ತಿನ್ನಿಸೀದಿ ಎಂದು ಕೇಳಿದಳು. ನಾನು ಇಲ್ಲ ಅಂದೆ. ಸುಳ್ಳು ಹೇಳಿದ ಬಾಯಿಯನ್ನು ಆಕೆ ನೋಡಲೂ ಇಲ್ಲ. ದವಾಖಾನೆಗೆ ಹೋಗಿ ಡಾಕ್ಟರಿಗೆ ಹೇಳಿದಳು. ಮತ್ತಿನ ಔಷಧ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕ್ಕೆ ಸಿಕ್ಕಿಕೊಂಡರೆ ಅಲ್ಲೇ ಮುಗಿಯುತ್ತಿತ್ತಂತೆ. ನೋವು ಬಂದಿರಲಿಲ್ಲವಾದ್ದರಿಂದ ಸಂಜೆಯ ತನಕ ಕಾದರು. ಆಮೇಲೆ ಕೊಯ್ದರು. ಹೆಣ್ಣು ಕೂಸು, ಗಟ್ಟಿಯಾಗಿ ಅತ್ತಿತು.

ಆ ದವಾಖಾನೆ ಯಾವ ಊರಿನದು ಎಂದು ಹೇಳುವುದಿಲ್ಲ. ಮೂಲೆ ಮೂಲೆಗೆ ಎಲೆ ಅಡಿಕೆಯ ಉಗುಳು. ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಒಬ್ಬಳ ತಲೆಯ ಕಡೆ ಇನ್ನೊಬ್ಬಳ ಕಾಲು. ಮಂಚದ ಕೆಳಗೆ ಜನ ಬುತ್ತಿ ಬಿಚ್ಚಿ ಉಣ್ಣುವವರು, ಅಲ್ಲೇ ಕೈ ತೊಳೆಯುವವರು. ಕಕ್ಕಸಿನ ವಿಷಯ ಬರೆಯಲು ಪೆನ್ನಿಗೂ ಹೇಸಿಗೆ. ಎಂಟು ದಿನ ಅಲ್ಲಿದ್ದೆವು. ನೋಡಲು ಬಂದ ಬೀಗತಿ ಸೊಸೆಯ ಮುಖ ಸರಿಯಾಗಿ ನೋಡದೆ, ಕೊಯ್ಸಿಕೊಂಡು ಹಡೆದರೆ ಅದೇನು ಹಡೆದ ಹಾಗೆಯೇ, ನೋವು ತಿನ್ನದ ತಾಯಿಗೆ ಕರುಳು ಎಲ್ಲಿಂದ ಬರುತ್ತದೆ ಅಂದಳು. ಮಗಳು ಕೆಮ್ಮು ಬಂದರೆ ಹೊಟ್ಟೆ ಹಿಡಿದು ನೀಲಿಗಟ್ಟುತ್ತಿದ್ದಳು. ನೋವು ತಿನ್ನಲಿಲ್ಲವಂತೆ. ನನ್ನ ಕೈ ಬೀಗತಿಯ ಕೂದಲಿಗೆ ಹೋಗುವುದಿತ್ತು, ತಡೆದುಕೊಂಡೆ.

ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದರು. ಒಂದು ಮೂಲೆ ಇನ್ನೂ ಹಸಿ ಇದೆ, ಒದ್ದೆಯಾಗದಂತೆ ಇಡಿ, ನೀರು ಚೆನ್ನಾಗಿ ಕುಡಿಸಿ, ನರ್ಸಬಾಯಿ ಬಂದು ಪಟ್ಟಿ ಕಟ್ಟುತ್ತಾಳೆ ಎಂದು ಹೇಳಿ ಕಳಿಸಿದರು. ನಾನು ಹೂಂ ಅಂದೆ. ಹೂಂ ಅಂದದ್ದು ಮಾಡುವುದಕ್ಕಲ್ಲ.

ನಮ್ಮಲ್ಲಿ ಬಾಣಂತಿಗೆ ನೀರು ಕೊಡುವುದಿಲ್ಲ. ಅದರಲ್ಲೂ ಇವಳು ಕೊಯ್ದ ಬಾಣಂತಿ, ಹೊಟ್ಟೆಯೊಳಗೆಲ್ಲ ಹಸಿ ಗಾಯ. ನೀರು ಕುಡಿದರೆ ಗಾಯ ಕೀವು ಆಗುತ್ತದೆ ಎಂದು ನಮ್ಮ ಅವ್ವ ಹೇಳಿದ್ದಳು, ಅವಳಿಗೆ ಅವಳ ಅವ್ವ. ದಿನಕ್ಕೆ ಒಂದು ಚಾದ ಬಟ್ಟಲು ಬಿಸಿನೀರು, ಒಣ ರೊಟ್ಟಿ, ಬೆಳ್ಳುಳ್ಳಿ ಖಾರ. ಕಿಟಕಿಯಿಲ್ಲದ ಕೋಣೆ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಅದರ ಮೇಲೆ ಅಜಿವಾನದ ಹೊಗೆ. ಹೊಟ್ಟೆ ಜೋತು ಬೀಳಬಾರದೆಂದು ಹಳೆಯ ಸೀರೆಯಿಂದ ಎಳೆದು ಕಟ್ಟಿದೆ, ಹೊಲಿಗೆಯ ಮೇಲೆಯೇ. ಆ ಹಸಿ ಮೂಲೆಗೆ ಔಷಧವನ್ನೂ ನಾನೇ ಮಾಡಿದೆ. ನಮ್ಮ ಕುರಿಗಳಿಗೆ ತೋಳ ಬಾಯಿ ಹಾಕಿದರೆ ಹಳೆಯ ಕಂಬಳಿಯ ತುಂಡು ಸುಟ್ಟು, ಆ ಬೂದಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಹಚ್ಚುತ್ತೇವೆ. ಎಷ್ಟೋ ಕುರಿ ಉಳಿದಿವೆ. ಸತ್ತವನ್ನು ಯಾರು ನೆನಪಿಡುತ್ತಾರೆ? ಅದನ್ನೇ ಮಗಳ ಗಾಯಕ್ಕೆ ಮೆತ್ತಿದೆ.

ನರ್ಸಬಾಯಿ ಬಂದಾಗ, ಬಾಣಂತಿ ಮಲಗಿದ್ದಾಳೆ, ಪಟ್ಟಿ ನಾನೇ ಕಟ್ಟಿದ್ದೇನೆ ಎಂದು ಎರಡು ಸಲ ಹೊರಗಿನಿಂದಲೇ ಕಳಿಸಿದೆ. ಮೂರನೆಯ ಸಲ ಬಂದಾಗ ಮಗಳಿಗೆ ಜ್ವರ. ತುಟಿ ಸಿಪ್ಪೆ ಎದ್ದಿತ್ತು, ನಾಲಿಗೆ ಒಣಗಿದ ಚರ್ಮದ ಹಾಗೆ. ಎದೆಯಲ್ಲಿ ಹಾಲು ಬತ್ತಿ ಕೂಸು ಚೀರುತ್ತಿತ್ತು. ಮಗಳು ನೀರು ನೀರು ಎಂದು ಕೇಳುತ್ತಲೇ ಇದ್ದಳು, ನಾನು ತಡಿ ತಡಿ ಅನ್ನುತ್ತಲೇ ಇದ್ದೆ. ನರ್ಸಬಾಯಿ ಹೊಸ್ತಿಲ ಹೊರಗೆ ನಿಂತು ಮೂಗು ಎತ್ತಿದಳು.

"ಏನ್ ಸುಟ್ಟೀದಿ?"

"ಏನಿಲ್ರಿ. ಲೋಬಾನ."

"ಕಂಬಳಿ ಸುಟ್ಟ ವಾಸನಿ ಬರಾಕತ್ತದ. ಅದರ ಕೆಳಗ ಇನ್ನೊಂದು ವಾಸನಿ ಅದ. ಸರಿ ಕಡಿಗಿ."

ನನ್ನನ್ನು ತಳ್ಳಿಕೊಂಡೇ ಕೋಣೆಗೆ ಹೋದಳು. ಬಾಣಂತಿಯ ಕೋಣೆ ಹೇಗೂ ಮೈಲಿಗೆ, ಪುರುಡಿನ ಮನೆ, ಅಲ್ಲಿಗೆ ಆಕೆ ಹೋದರೆ ಯಾರ ತಕರಾರೂ ಇರಲಿಲ್ಲ. ಹೊಟ್ಟೆಗೆ ಕಟ್ಟಿದ ಸೀರೆ ಬಿಚ್ಚಿದಳು. ಕೊನೆಯ ಸುತ್ತು ಮಾಂಸಕ್ಕೆ ಅಂಟಿಕೊಂಡಿತ್ತು. ಅದು ಬಿಟ್ಟುಕೊಂಡಾಗ ಬಂದ ನಾತವನ್ನು ಈಗ ಬರೆಯುವಾಗಲೂ ನಾನು ಮೂಗಿನಲ್ಲಿ ಹೊತ್ತಿದ್ದೇನೆ. ಕಪ್ಪು ಬೂದಿ, ಹಳದಿ ಕೀವು, ಔಡಲೆಣ್ಣೆಯ ಜಿಡ್ಡು. ಕುರಿಯ ಗಾಯದಿಂದ ಹುಳ ಹೆಕ್ಕಿ ತೆಗೆದು ಅದೇ ಕೈ ತೊಳೆದು ರೊಟ್ಟಿ ತಿಂದವಳು ನಾನು. ಹೆತ್ತ ಮಗಳ ಹೊಟ್ಟೆ ನೋಡಲಾರದೆ ಗೋಡೆಯ ಕಡೆ ತಿರುಗಿ ಓಕರಿಸಿದೆ. ಎಲ್ಲರ ಮನೆಯಲ್ಲೂ ಮೂಗು ಮುರಿಯುತ್ತಿದ್ದ ಆ ಹೆಂಗಸು ಗಾಯದ ಮೇಲೆ ಬಗ್ಗಿ ಕುಳಿತಿದ್ದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ. ತಿರುಗಿ ನನ್ನನ್ನು ನೋಡಿದಾಗ ಮಾತ್ರ ಆಕೆಯ ಮುಖ ಕಿವುಚಿತು.

ಕುದಿಸಿದ ನೀರು ಬೇಕು ಎಂದು ಎದ್ದು ಅಡಿಗೆಮನೆಯ ಕಡೆ ನಡೆದಳು. ನನ್ನ ಅತ್ತೆ, ಎಂಬತ್ತರ ಮುದುಕಿ, ಅಡಿಗೆಮನೆಯ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಳು. ಒಳಗೆ ದೇವರ ಜಗಲಿ ಇದೆ, ನೀನು ಬರಬಾರದವ್ವ ಎಂದು ಮೆತ್ತಗೆ ಹೇಳಿದಳು. ಮೆತ್ತಗೆ ಹೇಳಿದ್ದೇ ಇನ್ನೂ ಹೊಲಸಾಗಿ ಕೇಳಿಸಿತು. ನರ್ಸಬಾಯಿ ಅಲ್ಲೇ ನಿಂತಳು. ನನ್ನ ಕಡೆ ನೋಡಿ, ನೀನು ತಂದು ಕೊಡು, ತೊಳೆಯುವುದಕ್ಕೂ ಬೇಕು, ಕುಡಿಯುವುದಕ್ಕೂ ಬೇಕು ಅಂದಳು. ತೊಳೆಯುವುದಕ್ಕೆ ಕೊಡುತ್ತೇನೆ, ಕುಡಿಯುವುದಕ್ಕೆ ಕೊಡುವುದಿಲ್ಲ, ಕೀವು ಹೆಚ್ಚಾಗುತ್ತದೆ ಎಂದೆ. ಅಷ್ಟು ಕೀವು ಕಂಡ ಮೇಲೂ ಹಾಗೆಂದೆ. ಈ ಬಾಯಿಯೇ ಅಂದದ್ದು.

ಆಕೆ ಗಾಯ ತೊಳೆದು ಬಿಳಿ ಬಟ್ಟೆ ಮುಚ್ಚಿ, ಅಗ್ಗಿಷ್ಟಿಗೆಯನ್ನು ಎತ್ತಿ ಅಂಗಳಕ್ಕೆ ಬಿಸಾಡಿ, ಬಿರಬಿರನೆ ಹೋದಳು. ಹೋದಳು, ಪೀಡೆ ಹೋಯಿತು ಅಂದಳು ಅತ್ತೆ. ಕಾಲುವೆಯ ದಂಡೆಯ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಕ್ಯಾಂಪಿಗೆ ಒಂದು ಮೈಲಿ, ಹಿಂದಕ್ಕೆ ಒಂದು ಮೈಲಿ. ಬಂದಾಗ ಕೈಯಲ್ಲಿ ಮುಚ್ಚಳದ ಸ್ಟೀಲಿನ ಕ್ಯಾನು. ಕುದಿಸಿ ಆರಿಸಿದ ನೀರು, ಆಕೆಯ ಮನೆಯದು.

ಅತ್ತೆಗೆ ಆಗ ಸರಿಯಾಗಿ ಬಾಯಿ ಬಂತು. ಪುರುಡಿನ ಮೈಲಿಗೆ ದಿನ ತುಂಬಿದರೆ ತೊಳೆದು ಹೋಗುತ್ತದೆ, ಈ ನೀರು ಕುಡಿದರೆ ಯಾವ ದಿನಕ್ಕೂ ಹೋಗುವುದಿಲ್ಲ, ಹತ್ತಿಕುಣಿಯವರು ಇವಳನ್ನು ಮರಳಿ ಮನೆಗೆ ಸೇರಿಸುತ್ತಾರೇನು ಎಂದು ನನ್ನ ಮೇಲೆ ಏರಿ ಬಂದಳು. ಸುಳ್ಳಲ್ಲ ಅದು. ಸೇರಿಸುತ್ತಿರಲಿಲ್ಲ. ನೀರು ಕೊಡದಿದ್ದರೆ ಮಗಳು ಹೋಗುತ್ತಾಳೆ, ಈ ನೀರು ಕೊಟ್ಟರೆ ಅವಳ ಮನೆ ಹೋಗುತ್ತದೆ. ನಾನು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ.

ನರ್ಸಬಾಯಿ ಲೋಟಕ್ಕೆ ನೀರು ಸುರಿದು, ಯಾರ ಕಡೆಯೂ ನೋಡದೆ ಹೇಳಿದಳು.

"ಜೀವ ಹೋಗೂ ಮುಂದ ಬಾಯಾಗ ನೀರು ಬಿಡಾಕ ಊರಽ ಬರ್ತದ. ಈಗ ಯಾರು ಬಿಡ್ತೀರಿ, ಬಿಡ್ರಿ."

ಮಗಳು ನನ್ನ ಮುಖ ನೋಡಿದಳು. "ಯವ್ವಾ, ಕುಡೀಲಿ?" ಅಂದಳು. ನಾನು ಹೌದು ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ. ಎಷ್ಟೋ ವರ್ಷ ಇದನ್ನೇ ಒಂದು ದೊಡ್ಡ ಕೆಲಸ ಮಾಡಿದೆ ಎಂದು ತಿಳಿದುಕೊಂಡಿದ್ದೆ. ಮಗಳೇ ಮೊಣಕೈ ಊರಿ ಎದ್ದು ಲೋಟ ಕಸಿದುಕೊಂಡಳು. ಗಟಗಟನೆ ಕುಡಿದಳು, ಗದ್ದದಿಂದ ಎದೆಯ ಮೇಲೆಲ್ಲ ಸುರಿಯಿತು. ಇನ್ನೊಂದು ಲೋಟ, ಮತ್ತೊಂದು. ಕುಡಿದು ಅತ್ತಳು. ಅಳಲು ಕಣ್ಣಲ್ಲಿ ನೀರು ಬಂದದ್ದೇ ಆಗ.

ಮರುದಿನ ಅದೇ ಜೀಪಿನಲ್ಲಿ ದವಾಖಾನೆಗೆ ಒಯ್ದು, ಹುಣ್ಣಾದ ಮೂಲೆ ಬಿಡಿಸಿ ತೊಳೆದು ತಂದರು. ದಿನಕ್ಕೆ ಎರಡು ಸೂಜಿ, ದಿನಕ್ಕೊಂದು ಪಟ್ಟಿ, ಒಂದೂವರೆ ತಿಂಗಳು. ನರ್ಸಬಾಯಿ ಒಂದು ದಿನವೂ ಕ್ಯಾನಿಲ್ಲದೆ ಬರಲಿಲ್ಲ. ಆಕೆ ಬರುವ ದಾರಿಯಲ್ಲಿ ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಆ ಕ್ಯಾನನ್ನೇ ನೋಡುತ್ತಿದ್ದರು. ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬಂತು. ಹಾಲು ಮರಳಿ ಇಳಿಯಿತು. ಆಕೆ ಒಂದು ದಿನವೂ, ನೋಡಿದೆಯಾ, ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಅಂದಿದ್ದರೆ ನನಗೆ ಒಂದಿಷ್ಟು ಹಗುರವಾಗುತ್ತಿತ್ತು.

ಮೂರು ತಿಂಗಳಿಗೆ ಬೀಗತಿ ಸೊಸೆಯನ್ನು ಕರೆದುಕೊಂಡು ಹೋಗಲು ಬಂದಳು. ಅಷ್ಟರಲ್ಲಿ ಯಾರೋ ಕಿವಿ ಊದಿದ್ದರು. ಆ ನರ್ಸಬಾಯಿ ನೀರು ತರುತ್ತಿದ್ದಳಂತಲ್ಲ ಎಂದು ಕೇಳಿದಳು. ಅದು ಗಾಯ ತೊಳೆಯುವ ಔಷಧದ ನೀರು, ಕುಡಿಸಿದ್ದೆಲ್ಲ ನಾನು ನನ್ನ ಕೈಯಾರೆ ಕುದಿಸಿದ್ದು ಎಂದೆ. ನರ್ಸಬಾಯಿ ಆಗ ಪಡಸಾಲೆಯಲ್ಲಿ ಕುಳಿತು ಕೂಸಿಗೆ ಲಸಿಕೆ ಹಾಕಲು ಸೂಜಿ ತೆಗೆಯುತ್ತಿದ್ದಳು. ಎಲ್ಲ ಕೇಳಿಸಿತು. ಬೀಗತಿ ಆಕೆಯ ಕಡೆ ತಿರುಗಿ ಹೌದೇನು ಎಂದಳು.

"ಹೌದ್ರಿ. ಔಷಧದ ನೀರು," ಅಂದಳು.

ಮಗಳ ಸಂಸಾರ ಉಳಿಯಿತು. ಉಳಿಸಿದವಳು ಯಾರು ಎಂದು ನಾನು ಯಾರಿಗೂ ಹೇಳಲಿಲ್ಲ.

ಆಕೆಗೆ ನಿವೃತ್ತಿಯಾದಾಗ ಕ್ಯಾಂಪಿನಲ್ಲಿ ಪೆಂಡಾಲು ಹಾಕಿ ಸನ್ಮಾನ ಮಾಡಿದರು. ಅಡಿಗೆಮನೆಗೆ ಬಿಡದವರೆಲ್ಲ ವೇದಿಕೆಯ ಮೇಲೆ ಹತ್ತಿ ಶಾಲು ಹೊದಿಸಿದರು. ಆಕೆ ಅದೇ ಹುಣಸೆಕಾಯಿ ಮುಖ ಹೊತ್ತು ಕುಳಿತಿದ್ದಳು. ಆಮೇಲೆ ಸುರಪುರಕ್ಕೆ ಹೋಗಿ ಸಣ್ಣ ಮನೆ ಮಾಡಿಕೊಂಡಳು. ಮಗಳು ಹಟ ಹಿಡಿದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನೆಲ ಕನ್ನಡಿಯ ಹಾಗಿತ್ತು. ಆಕೆ ನಮ್ಮನ್ನು ಕುರ್ಚಿಯಲ್ಲಿ ಕೂಡಿಸಿದಳು. ಮಗಳನ್ನು ಒಳಗೆ ಕರೆದು ಸೆರಗು ಸರಿಸಿ ಕೊಯ್ದ ಗುರುತು ನೋಡಿದಳಂತೆ, ಬೆರಳಿಂದ ಒತ್ತಿ ಒತ್ತಿ. ಹೊರಗೆ ಬಂದು ಚಾ ಕೊಟ್ಟಳು, ಬಸಿಯ ಮೇಲೆ ಕಪ್ಪಿಟ್ಟು.

ನನ್ನ ಕೈ ಏಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಈಗ ತಾನೇ ಕುಡಿದು ಬಂದೆವು ಎಂದೆ. ಬಸ್ಸಿಳಿದು ನೆಟ್ಟಗೆ ಬಂದಿದ್ದೆವು. ಅದು ಮಗಳಿಗೆ ಗೊತ್ತು. ಗೊತ್ತಾಗದಿರಲು ನರ್ಸಬಾಯಿ ಕೂಸಲ್ಲ.

"ಇರ್ಲಿ ಬಿಡ್ರಿ," ಅಂದಳು. "ಕುಂದರ್ರಿ. ಬಸ್ಸಿಗೆ ಇನ್ನ ಟೈಮ್ ಅದ."

ಚಾದ ಮೇಲೆ ಕೆನೆ ಕಟ್ಟಿತು. ಮಗಳು ತನ್ನದು ಕುಡಿದು ಮುಗಿಸಿ, ನನ್ನ ಮುಂದಿನ ಕಪ್ಪನ್ನೂ ಎತ್ತಿ ಕುಡಿದಳು. ಎರಡೂ ಕಪ್ಪು ತಾನೇ ಒಳಗೆ ಒಯ್ದು ತೊಳೆದಿಟ್ಟಳು. ಬಸ್ಸಿನಲ್ಲಿ ಶಹಾಪುರದ ತನಕ ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕುಳಿತಳು.

ಆಕೆಯ ಮಣ್ಣಿಗೆ ಹತ್ತಿಕುಣಿಯಿಂದ ಮಗಳೊಬ್ಬಳೇ ಹೋಗಿ ಬಂದಳು. ಬರುತ್ತೀಯಾ ಎಂದು ನನ್ನನ್ನು ಕೇಳಲಿಲ್ಲ. ಕೇಳದೆ ಇದ್ದದ್ದೇ ಸರಿ.